ಕಡತಗಳನ್ನು ಎಬ್ಬಿಸಿದಾಕೆ

ಆ ಊರು ಯಾವ ದಿಕ್ಕಿಗಿದೆ ಎಂದು ನನ್ನನ್ನು ಕೇಳಬೇಡಿ. ಹೋಗಿಬಂದವರು ದಾರಿ ಹೇಳುವುದಿಲ್ಲ, ದಾರಿ ಹೇಳುವವರು ಅಲ್ಲಿಗೆ ಹೋಗಿಲ್ಲ. ಆದರೆ ಭಗವಂತ ಆ ಊರಿಗೆ ಹಾಕಿಕೊಟ್ಟ ಕಟ್ಟಳೆಯೊಂದಿದೆ, ಅದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅತಿಥಿಯಾಗಿ ಬಂದವನು ಅಲ್ಲಿ ಒಂದು ಸೂರಿನ ಕೆಳಗೆ ಮೂರು ರಾತ್ರಿ ಮಲಗಬಹುದು. ನಾಲ್ಕನೆಯ ಬೆಳಗಿಗೆ ಅವನನ್ನು ಎಬ್ಬಿಸಿ, ಹರಸಿ, ಕಳಿಸಿಕೊಡಬೇಕು. ಕಳಿಸದೆ ಇಟ್ಟುಕೊಂಡರೆ, ಇಟ್ಟುಕೊಂಡ ಒಂದೊಂದು ರಾತ್ರಿಗೂ ಅವನ ತಲೆಯ ಮೇಲಿನ ಸೂರು ಒಂದೊಂದು ಬೆರಳು ಕೆಳಗಿಳಿಯುತ್ತದೆ. ಇಳಿದ ಸೂರು ಮತ್ತೆ ಏರುವುದಿಲ್ಲ.

ಪ್ರೀತಿಯಿಂದ ಇಟ್ಟುಕೊಂಡರೂ ಅಷ್ಟೇ, ಸೋಮಾರಿತನದಿಂದ ಇಟ್ಟುಕೊಂಡರೂ ಅಷ್ಟೇ. ತೊಲೆಗೆ ಆ ವ್ಯತ್ಯಾಸ ತಿಳಿಯದು. ಅಳಿಯನನ್ನು ಎರಡು ತಿಂಗಳು ಉಳಿಸಿಕೊಂಡ ಮಾವನೊಬ್ಬನ ಮನೆಯಲ್ಲಿ ಇವತ್ತಿಗೂ ಜನ ತೆವಳಿಕೊಂಡೇ ಊಟಕ್ಕೆ ಬರುತ್ತಾರಂತೆ. ಮನೆಯಲ್ಲೇ ಹುಟ್ಟಿದವರಿಗೆ, ಮನೆಯ ಕೆಲಸಕ್ಕೆ ನಿಂತವರಿಗೆ ಈ ಕಟ್ಟಳೆಯಿಲ್ಲ. ಬಂದುಹೋಗುವವರಿಗೆ ಮಾತ್ರ.

ಊರಿನ ನಡುಪೇಟೆಯಲ್ಲಿ, ನಾಲ್ಕು ಬೀದಿ ಕೂಡುವ ಕಡೆ, ಮಹಡಿ ಹೋಟೆಲು ಎಂಬ ಹಳೆಯ ಕಟ್ಟಡವಿತ್ತು. ಮೂರು ಅಂತಸ್ತು. ತೇಗದ ತೊಲೆ, ಹಸಿರು ಕಿಟಕಿ, ಆನೆ ಹತ್ತಿದರೂ ಕಿರುಗುಟ್ಟದ ಮೆಟ್ಟಿಲು. ಒಂದೊಂದು ಕೋಣೆಯ ಗೋಡೆಗೂ, ಚಾವಣಿಗೆ ತಾಗಿದಂತೆ, ಒಂದೊಂದು ಸಾಲು ಚಿತ್ರ ಬರೆಸಿದ್ದರು. ಒಂದರಲ್ಲಿ ಗಿಳಿಯ ಸಾಲು, ಒಂದರಲ್ಲಿ ಮೀನಿನ ಸಾಲು, ಮೂಡಲ ದಿಕ್ಕಿನ ದೊಡ್ಡ ಕೋಣೆಯಲ್ಲಿ ಹಂಸದ ಸಾಲು. ಕಟ್ಟಿದ ದಿನದಿಂದ ಆ ಹೋಟೆಲಿನ ಯಾವ ಕೋಣೆಯ ಚಾವಣಿಯೂ ಒಂದು ಬೆರಳು ಇಳಿದಿರಲಿಲ್ಲ. ಅದಕ್ಕೆ ಕಾರಣ ಒಬ್ಬಳು ಹೆಂಗಸು. ಅವಳನ್ನು ಊರವರು ಎಬ್ಬಿಸುವಾಕೆ ಎಂದೇ ಕರೆಯುತ್ತಿದ್ದರು.

ಎಬ್ಬಿಸುವಾಕೆ ಇಪ್ಪತ್ತರ ವಯಸ್ಸಿನಲ್ಲಿ, ಹಣೆ ಬರಿದಾದ ಮೇಲೆ, ಆ ಹೋಟೆಲಿಗೆ ಕೆಲಸಕ್ಕೆ ಬಂದವಳು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಅವಳ ಮನೆ. ಅಲ್ಲೊಂದು ಗೂಡು, ಗೂಡಿನಲ್ಲೊಂದು ದೀಪ, ದೀಪದ ಹಿಂದೆ ಅವಳ ದೇವರು. ಬೆಳಗಿನ ಜಾವ ಎದ್ದು ದೀಪ ಹಚ್ಚಿ, ಕೈಮುಗಿದು, ಮಹಡಿ ಹತ್ತುತ್ತಿದ್ದಳು. ಒಂದೊಂದು ಬಾಗಿಲ ಮುಂದೆಯೂ ನಿಂತು ಮೂರು ಸಲ ತಟ್ಟುತ್ತಿದ್ದಳು.

"ಏಳಿ, ದೇವರ ಬೆಳಗು ಬಂದಿದೆ. ಎಲ್ಲಿಂದ ಬಂದಿರೋ ಕೇಳೋದಿಲ್ಲ, ಎಲ್ಲಿಗೆ ಹೊರಟಿರೋ ಹೇಳಿ."

ನಾಲ್ಕನೆಯ ಬೆಳಗಾದವರಿಗೆ ಹೊಸ್ತಿಲಲ್ಲಿ ಒಂದು ಚಮಚ ಮೊಸರು ಸಕ್ಕರೆ ಕೊಟ್ಟು ಕಳಿಸುತ್ತಿದ್ದಳು. ಅಳುತ್ತ ಬಂದವರು ಬಾಯಿ ಚಪ್ಪರಿಸಿಕೊಂಡು ಹೋದದ್ದುಂಟು. ಅವರು ಮೂಲೆ ತಿರುಗುವ ತನಕ ನೋಡಿ, "ನಿನ್ನವರನ್ನು ನಿನಗೊಪ್ಪಿಸಿದೆ, ತಂದೆ" ಎಂದು ಒಳಗೆ ಬರುತ್ತಿದ್ದಳು. ನಲವತ್ತೈದು ವರ್ಷ ಹೀಗೇ ಕಳೆಯಿತು.

ಆಮೇಲೆ ಊರಿನಾಚೆ ಹೊಸ ರಸ್ತೆಯಾಯಿತು. ಪ್ರಯಾಣಿಕರು ಊರೊಳಗೆ ಬರದೆ ಹಾಗೇ ಹೋಗತೊಡಗಿದರು. ಹೋಟೆಲಿನ ಯಜಮಾನಮ್ಮ ಹಾಸಿಗೆ ಹಿಡಿದಳು. ಅವಳಿಗೆ ಮಕ್ಕಳಿರಲಿಲ್ಲ. ಕೊನೆಯ ದಿನ ಎಬ್ಬಿಸುವಾಕೆಯ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ಸೂರು ನೋಡ್ಕೊಳೇ."

"ನೋಡ್ಕೋತೀನಿ, ಯಜಮಾನಮ್ಮ" ಎಂದಳು ಎಬ್ಬಿಸುವಾಕೆ. ಸಾಯುವವರಿಗೆ ಕೊಟ್ಟ ಮಾತು ದೇವರ ಕಿವಿಗೂ ಬೀಳುತ್ತದೆ. ಅದನ್ನು ತಿರುಗಿ ಪಡೆಯುವ ಹಾಗಿಲ್ಲ.

ಊರ ಹಿರಿಯರು ಕೂತು ಮಾತಾಡಿ, ಹೋಟೆಲಿನ ಕಟ್ಟಡವನ್ನು ಅರ್ಜಿ ಕಚೇರಿಗೆ ಕೊಟ್ಟರು. ಊರಿನವರ ಬೇಡಿಕೆಗಳೆಲ್ಲ ಬರುವುದು ಆ ಕಚೇರಿಗೆ. ಅದರ ಹಳೆಯ ಕಟ್ಟಡದ ಚಾವಣಿ ವರ್ಷ ವರ್ಷವೂ ಇಳಿದು ಇಳಿದು, ಸಾಹೇಬರು ಮಂಡಿಯ ಮೇಲೆ ಕೂತು ರುಜು ಹಾಕುವ ಹಾಗಾಗಿತ್ತು. ಗೆದ್ದಲು ಎಂದರು ಕೆಲವರು. ಮೇಸ್ತ್ರಿ ಕಳ್ಳ ಎಂದರು ಕೆಲವರು. ಅತಿಥಿಗಳೇ ಇಲ್ಲದ ಕಡೆ ಸೂರು ಯಾಕೆ ಇಳಿಯುತ್ತದೆ ಎಂದು ಯಾರಿಗೂ ತಿಳಿಯಲಿಲ್ಲ. ಯಾರೂ ಹೆಚ್ಚು ಯೋಚಿಸಲೂ ಇಲ್ಲ. "ಮಹಡಿ ಹೋಟೆಲಿಗೆ ಎತ್ತರದ ಚಾವಣಿ ಇದೆ, ಇನ್ನು ನೂರು ವರ್ಷ ಚಿಂತೆಯಿಲ್ಲ" ಎಂದರು.

ಹೀಗೆ ಒಂದು ಬೆಳಿಗ್ಗೆ ಎತ್ತಿನ ಗಾಡಿಗಳು ಸಾಲಾಗಿ ಬಂದು ನಿಂತವು. ಗಾಡಿಗಳ ತುಂಬ ಕಡತಗಳು. ಕೆಂಪು ಬಟ್ಟೆಯಲ್ಲಿ ಸುತ್ತಿದ್ದವು, ದಾರದಲ್ಲಿ ಬಿಗಿದಿದ್ದವು, ಮೈತುಂಬ ಧೂಳು ಹೊತ್ತಿದ್ದವು. ಹಿಂದೆ ಕಚೇರಿಯವರು ಬಂದರು. ಎಲ್ಲರೂ ಸೊಂಟ ಬಗ್ಗಿಸಿಕೊಂಡೇ ನಡೆಯುತ್ತಿದ್ದರು. ತಲೆಯ ಮೇಲೆ ಆಕಾಶವಿದ್ದರೂ ಬಗ್ಗಿದ ಸೊಂಟ ಬಗ್ಗಿದಂತೆಯೇ ಇತ್ತು.

ಎಬ್ಬಿಸುವಾಕೆ ಬಾಗಿಲಲ್ಲಿ ನಿಂತು ನೋಡಿದಳು. ಟಪಾಲು ಗುಮಾಸ್ತ ಎಂಬ ನಡುವಯಸ್ಸಿನ, ದೊಡ್ಡ ದನಿಯ ಮನುಷ್ಯನನ್ನು ಕೇಳಿದಳು, "ಇವರೆಲ್ಲ ಎಷ್ಟು ದಿನದಿಂದ ದಾರೀಲಿದ್ದಾರಪ್ಪ?"

ಗುಮಾಸ್ತ ಕಡತಗಳ ಕಡೆ ನೋಡಿ ನಕ್ಕ. "ಇವಾ? ಕೆಲವು ಹನ್ನೆರಡು ವರ್ಷ, ಅವ್ವ. ಕೆಲವು ನಾನು ಹುಟ್ಟೋಕೆ ಮುಂಚಿಂದ."

"ಅಯ್ಯೋ ಪಾಪ" ಎಂದಳು ಎಬ್ಬಿಸುವಾಕೆ.

ಅವಳು ಓದಿದವಳಲ್ಲ. ಮೈತುಂಬ ಧೂಳು ಹೊತ್ತು, ಬಟ್ಟೆ ಸುತ್ತಿಕೊಂಡು, ದೂರದಿಂದ ಬಂದು ಕೋಣೆ ಸೇರಿದವರನ್ನು ಅವಳು ಅತಿಥಿ ಎಂದಲ್ಲದೆ ಬೇರೆ ಹೆಸರಿನಿಂದ ತಿಳಿದಿರಲಿಲ್ಲ. ಆ ಸಂಜೆಯೇ ಕೋಣೆ ಕೋಣೆಗೂ ಚಾಪೆ ಹಾಸಿದಳು. ಕಡತಗಳ ಧೂಳು ಕೊಡವಿ, ಬಿಗಿದ ದಾರ ಸಡಿಲಿಸಿ, ಮಲಗಿಸಿದಳು. ಪಕ್ಕದಲ್ಲೊಂದೊಂದು ತಂಬಿಗೆ ನೀರಿಟ್ಟು, ಮೇಲೆ ಲೋಟ ಬೋರಲು ಹಾಕಿದಳು.

ಮರುದಿನ ದೊಡ್ಡ ಸಾಹೇಬರು ಬಂದು ನೋಡಿದರೆ ಕಚೇರಿ ಛತ್ರದ ಹಾಗಿತ್ತು.

"ಇದೇನಮ್ಮ ಇದು? ಕಡತದ ಪಕ್ಕ ತಂಬಿಗೆ?"

"ದೂರದಿಂದ ಬಂದವರು, ಸ್ವಾಮಿ. ಬಾಯಾರಿರುತ್ತೆ."

"ಕಾಗದಕ್ಕೆ ಬಾಯಿ ಎಲ್ಲಿದೆ?"

"ಬರೆದವರಿಗೆ ಇದೆಯಲ್ಲ, ಸ್ವಾಮಿ. ಮನುಷ್ಯ ತನ್ನ ಅರ್ಧ ಜೀವ ಬಟ್ಟೇಲಿ ಕಟ್ಟಿ ಇಲ್ಲಿಗೆ ಕಳಿಸಿರ್ತಾನೆ. ಮಿಕ್ಕರ್ಧ ಇಟ್ಕೊಂಡು ಮನೇಲಿ ಕಾಯ್ತಿರ್ತಾನೆ."

ಟಪಾಲು ಗುಮಾಸ್ತ ಹಿಂದಿನಿಂದ, "ಸಾಹೇಬರೇ, ಇವತ್ತು ತಂಬಿಗೆ ಇಟ್ಟಿದಾರೆ, ನಾಳೆ ಎಣ್ಣೆ ಹಚ್ಚಿ ನೀರು ಹಾಕ್ತಾರೆ, ನೋಡ್ತಿರಿ" ಎಂದ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. ಸೊಂಟ ಬಗ್ಗಿಸಿಕೊಂಡೇ ತಮ್ಮ ಕೋಣೆಗೆ ಹೋದರು.

ನಾಲ್ಕನೆಯ ಬೆಳಗು ಬಂತು. ಎಬ್ಬಿಸುವಾಕೆ ದೀಪ ಹಚ್ಚಿದಳು, ಕೈಮುಗಿದಳು, ಮಹಡಿ ಹತ್ತಿದಳು. ಮೂರು ಸಲ ಬಾಗಿಲು ತಟ್ಟಿದಳು. "ಏಳಿ, ದೇವರ ಬೆಳಗು ಬಂದಿದೆ. ಎಲ್ಲಿಂದ ಬಂದಿರೋ ಕೇಳೋದಿಲ್ಲ, ಎಲ್ಲಿಗೆ ಹೊರಟಿರೋ ಹೇಳಿ." ಕಿಟಕಿ ತೆರೆದಳು. ಗಾಳಿಗೆ ಹಾಳೆಗಳು ಒಂದಿಷ್ಟು ಮಿಸುಕಿದವು. ಎದ್ದರು ಎಂದುಕೊಂಡಳು. ಒಂದು ತೋಳಿನಲ್ಲಿ ಅಪ್ಪಿಕೊಳ್ಳುವಷ್ಟು ಕಡತಗಳನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು, ಸಾಹೇಬರ ಮೇಜಿನ ಮುಂದೆ ನಿಂತಳು.

"ಈತ ಹೊರಡ್ತಿದಾನೆ, ಸ್ವಾಮಿ. ಬಾಯಿ ತೆಗೀರಿ."

"ನಾನ್ಯಾಕೆ ಬಾಯಿ ತೆಗೀಲಿ?"

"ಕಾಗದಕ್ಕೆ ಬಾಯಿ ಎಲ್ಲಿದೆ ಅಂತ ನೀವೇ ಕೇಳಿದ್ರಲ್ಲ. ಮೊಸರು ಸಕ್ಕರೆ ಇಲ್ಲದೆ ನಾನು ಯಾರನ್ನೂ ಕಳಿಸಿದವಳಲ್ಲ. ಇವರ ಪರವಾಗಿ ನೀವೇ ತಿನ್ನಬೇಕು."

ಸಾಹೇಬರಿಗೆ ಏನು ತೋಚಿತೋ, ಬಾಯಿ ತೆರೆದರು. ಚಮಚ ಒಳಗೆ ಹೋಯಿತು. ಕಡತ ಮುಂದೆ ಬಿಚ್ಚಿಕೊಂಡಿತು. ನೇಕಾರರ ಬೀದಿಯವರ ಅರ್ಜಿ ಅದು, ಬಾವಿಗೊಂದು ಕಟ್ಟೆ ಕಟ್ಟಿಸಿಕೊಡಿ ಎಂದು ಹನ್ನೆರಡು ವರ್ಷದ ಹಿಂದೆ ಬರೆದದ್ದು. ಬೇಕಾಗಿದ್ದದ್ದು ಒಂದು ರುಜು. ಬಾಯಲ್ಲಿ ಮೊಸರು ಸಕ್ಕರೆ ಇಟ್ಟುಕೊಂಡು ಯಾರಿಗಾದರೂ 'ಆಮೇಲೆ ನೋಡೋಣ' ಅನ್ನುವುದು ಹೇಗೆ? ಸಾಹೇಬರು ರುಜು ಹಾಕಿದರು.

ಎಬ್ಬಿಸುವಾಕೆ ಬಾಗಿಲ ತನಕ ಹೋಗಿ, ಕಡತ ಹೊತ್ತ ಜವಾನ ಮೂಲೆ ತಿರುಗುವವರೆಗೂ ನೋಡಿ, "ನಿನ್ನವನನ್ನು ನಿನಗೊಪ್ಪಿಸಿದೆ, ತಂದೆ" ಎಂದು ಬಂದಳು. ಎರಡನೆಯ ಚಮಚ ತೆಗೆದಳು.

ಅಂದಿನಿಂದ ಮೂರು ರಾತ್ರಿಗಿಂತ ಹೆಚ್ಚು ಯಾವ ಕಡತವೂ ಆ ಕಟ್ಟಡದಲ್ಲಿ ಮಲಗಲಿಲ್ಲ. ಆಗುವುದಕ್ಕೆ ಆಗುತ್ತದೆ ಎಂದು, ಆಗದ್ದಕ್ಕೆ ಆಗುವುದಿಲ್ಲ ಎಂದು ಉತ್ತರ ಹೋಗುತ್ತಿತ್ತು. ಆಗುವುದಿಲ್ಲ ಎಂಬ ಉತ್ತರ ಸಿಕ್ಕಿದವರೂ ಹಗುರಾಗಿ ನಿಟ್ಟುಸಿರು ಬಿಟ್ಟು ಬೇರೆ ದಾರಿ ಹಿಡಿದರು. ಬಾವಿಗೆ ಕಟ್ಟೆ ಬಂತು. ಕತ್ತಲ ಓಣಿಗೆ ದೀಪ ಬಂತು. ಕಚೇರಿಯವರಿಗೆ ಆದದ್ದು ಇನ್ನೂ ದೊಡ್ಡದು. ದಿನ ದಿನಕ್ಕೂ ಅವರ ಸೊಂಟ ನೆಟ್ಟಗಾಯಿತು. ಒಂದು ದಿನ ಟಪಾಲು ಗುಮಾಸ್ತ ತಲೆಯೆತ್ತಿ ಚಾವಣಿಯ ಕಡೆ ನೋಡಿ, "ಅವ್ವ, ಇಲ್ಲಿ ಗಿಳಿ ಬರೆದಿದಾರೆ!" ಎಂದು ಕೂಗಿದ. ಎರಡು ತಿಂಗಳಿಂದ ಅದೇ ಕೋಣೆಯಲ್ಲಿ ಕೂತಿದ್ದವನು ಅವನು. ಅವಳು ಅವತ್ತು ಗೂಡಿನ ದೀಪಕ್ಕೆ ಒಂದು ಬತ್ತಿ ಹೆಚ್ಚಿಗೆ ಹಾಕಿದಳು. "ಪ್ರಯಾಣಿಕರು ಬರೋದು ನಿಂತಾಗ ನನ್ನ ಕೆಲಸ ಮುಗೀತು ಅಂದ್ಕೊಂಡೆ, ತಂದೆ. ನೀನು ಗಾಡಿ ತುಂಬ ಕಳಿಸಿದೆ" ಎಂದಳು.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ತೆಳ್ಳಗಿನ ಕಡತ ಬಂತು. ಎಬ್ಬಿಸುವಾಕೆ ಅದರ ಧೂಳು ಕೊಡವಿ, ಹಂಸದ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ, ತಂಬಿಗೆ ಇಟ್ಟಳು. ಮೂರನೆಯ ಸಂಜೆ ಟಪಾಲು ಗುಮಾಸ್ತ ಅವಳನ್ನು ಹುಡುಕಿಕೊಂಡು ಬಂದ. ಅವನ ದೊಡ್ಡ ದನಿ ಸಣ್ಣದಾಗಿತ್ತು.

"ಅವ್ವ, ಆ ತೆಳ್ಳಗಿನದು ಯಾರದು ಗೊತ್ತಾ?"

"ಯಾರದಾದ್ರೆ ನನಗೇನಪ್ಪ? ನಾಳೆ ಹೊರಡ್ತಾನೆ."

"ಅದು ನಿಮ್ಮದು. ಮೆಟ್ಟಿಲ ಕೆಳಗಿನ ಕೋಣೇಲಿ ಹೋಟೆಲಿನ ಕಾಲದ ಹೆಂಗಸೊಬ್ಬಳು ಇನ್ನೂ ಇದ್ದಾಳಂತೆ, ಯಾವ ಕಾಯಿದೆ ಮೇಲೆ, ಅಂತ ಕೇಳಿದಾರೆ. ಇಲ್ಲಿಂದ ಉತ್ತರ ಹೋದ್ರೆ ಖಾಲಿ ಮಾಡಿಸಿ ಅಂತ ಬರುತ್ತೆ. ಅದು ಹೊರಟ್ರೆ ನೀವೂ ಹೊರಡಬೇಕು."

ಎಬ್ಬಿಸುವಾಕೆ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

"ಮಲಗಿರಲಿ ಬಿಡಿ, ಅವ್ವ" ಎಂದ ಗುಮಾಸ್ತ. ಅವನ ಕಣ್ಣಲ್ಲಿ ನೀರಿತ್ತು. "ಮಲಗಿದ ಕಡತ ಯಾರನ್ನೂ ಕಚ್ಚೋದಿಲ್ಲ. ಮೂವತ್ತು ವರ್ಷದಿಂದ ನೋಡಿದೀನಿ. ಅದನ್ನ ಎಬ್ಬಿಸಬೇಡಿ, ಅಷ್ಟೇ. ನೀವು ಎಲ್ಲಿಗೆ ಹೋಗ್ತೀರಿ?"

ಎಲ್ಲಿಗೆ ಹೋಗುತ್ತಾಳೆ? ಎಲ್ಲಿಗೆ ಹೊರಟಿರೋ ಹೇಳಿ ಎಂದು ಲೋಕವನ್ನೆಲ್ಲ ಕೇಳಿದವಳಿಗೆ ತನ್ನದೇ ಉತ್ತರ ಗೊತ್ತಿರಲಿಲ್ಲ. ಅವಳಿಗೆ ತವರಿರಲಿಲ್ಲ, ಬಳಗವಿರಲಿಲ್ಲ. ಆ ಸೂರಿನಾಚೆ ಒಂದು ಊಟ ಉಂಡ ನೆನಪೂ ಇರಲಿಲ್ಲ.

ಮರುದಿನ ದೀಪ ಹಚ್ಚಿದಳು, ಕೈಮುಗಿದಳು, ಮಹಡಿ ಹತ್ತಿದಳು. ಹಂಸದ ಕೋಣೆಯ ಬಾಗಿಲು ತಟ್ಟಿ ಎಲ್ಲರನ್ನೂ ಎಬ್ಬಿಸಿದಳು. ತೆಳ್ಳಗಿನ ಕಡತದ ಹತ್ತಿರ ಬಂದಾಗ ದನಿ ತಗ್ಗಿಸಿದಳು. ಅದರ ಮೇಲೆ ಹೊದಿಕೆ ಎಳೆದಳು. "ಒಂದೇ ಒಂದು, ತಂದೆ. ಇಷ್ಟು ಜನರನ್ನ ಕಳಿಸಿದೀನಿ. ಒಂದನ್ನ ಇಟ್ಕೋತೀನಿ" ಎಂದಳು.

ದೇವರು ಮಾತಾಡಲಿಲ್ಲ. ದೇವರು ಸುಮ್ಮನಿದ್ದರೆ ಒಪ್ಪಿದ ಎಂದುಕೊಳ್ಳುವುದು ಮನುಷ್ಯರ ಹಳೆಯ ಚಾಳಿ.

ಮೊದಲ ದಿನ ಹಂಸಗಳ ಜುಟ್ಟು ಕಾಣಲಿಲ್ಲ. ಚಾವಣಿ ಒಂದು ಬೆರಳು ಇಳಿದು ಅದನ್ನು ನುಂಗಿತ್ತು. ಎರಡನೆಯ ದಿನ ಕಣ್ಣು ಹೋಯಿತು. ಮೂರನೆಯ ದಿನ ಕೊಕ್ಕು. ಆಮೇಲೆ ಆ ಉದ್ದನೆಯ ಕೊರಳು, ಮೇಲಿನಿಂದ ಕೆಳಗೆ, ಬೆರಳು ಬೆರಳಾಗಿ. ಬೇರೆ ಯಾರೂ ನೋಡಲಿಲ್ಲ. ಅವಳೊಬ್ಬಳೇ ನೋಡುತ್ತಿದ್ದಳು, ನೋಡಿಯೂ ಹೊದಿಕೆ ಸರಿಮಾಡಿ ಬರುತ್ತಿದ್ದಳು.

ಅಷ್ಟೇ ಆಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಕಿಟಕಿಯ ಮೇಲಿನ ಅರ್ಧದ ಬಾಗಿಲು ಇಳಿದ ತೊಲೆಗೆ ಸಿಕ್ಕಿಕೊಂಡು ತೆರೆಯದಾಯಿತು. ಬೆಳಗಿನ ಬಿಸಿಲು ಹಂಸದ ಕೋಣೆಗೆ ಬರುವುದು ನಿಂತಿತು. ಗಾಳಿ ಇಲ್ಲದೆ ಹಾಳೆಗಳು ಮಿಸುಕಲಿಲ್ಲ. ಅವಳು ತಟ್ಟಿದಳು, ಕರೆದಳು. ಆ ಕೋಣೆಯ ಕಡತಗಳು ಏಳಲೇ ಇಲ್ಲ. ಒಂದನ್ನು ಮಲಗಿಸಿಟ್ಟರೆ ಪಕ್ಕದವರಿಗೂ ನಿದ್ದೆ ಅಂಟುತ್ತದೆ. ಹಾಗೇ ಎತ್ತಿಕೊಂಡು ಹೋಗಿ ಸಾಹೇಬರ ಮುಂದಿಟ್ಟರೆ, ಮೊಸರು ಸಕ್ಕರೆ ತಿಂದೂ ಅವರು ಆಕಳಿಸಿ, "ಆಮೇಲೆ ನೋಡೋಣಮ್ಮ" ಎಂದರು. ಆ ಮಾತು ಆ ಕಟ್ಟಡದಲ್ಲಿ ಕೇಳಿ ಬಹಳ ದಿನವಾಗಿತ್ತು.

ಆ ಕೋಣೆಯಲ್ಲಿ ಕುಂಬಾರಗಿತ್ತಿಯೊಬ್ಬಳ ಕಡತವಿತ್ತು. ಕೆರೆಯಂಗಳದಿಂದ ಜೇಡಿಮಣ್ಣು ತೆಗೆಯಲು ಅಪ್ಪಣೆ ಕೊಡಿ ಎಂದು ಬರೆಸಿ ಹಾಕಿದ್ದಳು. ಅವಳು ದಿನಾ ಬಂದು ಮೆಟ್ಟಿಲ ಮೇಲೆ ಕೂರುವಳು.

"ಅಕ್ಕಾ, ನಮ್ಮದು ಎದ್ದಿತಾ?"

"ಇಲ್ಲ ಕಣವ್ವ."

"ನಾಳೆ?"

"ನೋಡೋಣ."

ಏಳನೆಯ ದಿನ ಅವಳು ಕೂರಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರಿಗೇ ನಿಂತಳು.

"ಊರವರ ಕಡತವೆಲ್ಲ ಮೂರು ರಾತ್ರಿಗೆ ಎದ್ದು ಕಾಲು ಕೀಳ್ತವೆ. ನಮ್ಮದಕ್ಕೆ ಮಾತ್ರ ಏನು ಕುಂಭಕರ್ಣನ ನಿದ್ದೇನಾ? ಮೋಡ ನೋಡಿದ್ರಾ, ಅಕ್ಕ? ನಾಳೆ ನಾಡಿದ್ದರಲ್ಲಿ ಕೆರೆಗೆ ನೀರು ಬೀಳುತ್ತೆ. ಬಿದ್ರೆ ವರ್ಷದ ಮಣ್ಣು ಮುಳುಗ್ತು. ಮಣ್ಣಿಲ್ಲದೆ ನನ್ನ ಗಂಡ ಚಕ್ರದ ಮೇಲೆ ಏನು ಗಾಳಿ ಇಟ್ಟು ತಿರುಗಿಸ್ಬೇಕಾ?"

"ನಾನು ದಿನಾ ಎಬ್ಬಿಸ್ತಾ ಇದೀನಿ, ತಾಯಿ."

ಕುಂಬಾರಗಿತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ತಣ್ಣಗಾಯಿತು.

"ಎಬ್ಬಿಸೋರು ಮೊದಲು ಎದ್ದಿರಬೇಕಲ್ವಾ, ಅಕ್ಕ? ನಿಮ್ಮ ಮುಖ ನೋಡಿದ್ರೆ ನೀವೇ ಎದ್ದ ಹಾಗಿಲ್ಲ."

ಎಬ್ಬಿಸುವಾಕೆ ಮಹಡಿ ಹತ್ತಿದಳು. ಮೆಟ್ಟಿಲು ಅಂದು ಉದ್ದವಾಗಿತ್ತು. ಹಂಸದ ಕೋಣೆಯ ಬಾಗಿಲಲ್ಲಿ ನಿಂತು ತಲೆಯೆತ್ತಿದಳು. ಹಂಸಗಳಿರಲಿಲ್ಲ. ಗೋಡೆಯ ಸುತ್ತ, ಚಾವಣಿಗೆ ಅಂಟಿಕೊಂಡು, ಪುಟ್ಟ ಪುಟ್ಟ ಕೆಂಪು ಪಾದಗಳು ಮಾತ್ರ ನಿಂತಿದ್ದವು. ನಲವತ್ತೈದು ವರ್ಷದಲ್ಲಿ ಇಳಿಯದ ಸೂರನ್ನು ಅವಳು ಏಳು ದಿನದಲ್ಲಿ ಏಳು ಬೆರಳು ಇಳಿಸಿದ್ದಳು.

"ಸೂರು ನೋಡ್ಕೋತೀನಿ ಅಂದಿದ್ದೆ" ಎಂದಳು. ಆ ಮಾತನ್ನು ಯಾರಿಗೆ ಹೇಳಿದಳೋ, ಯಜಮಾನಮ್ಮನಿಗೋ ದೇವರಿಗೋ.

ಹೊರಗೆ ಬಂದು ಬಾಗಿಲು ಮುಚ್ಚಿದಳು. ಮೊದಲ ಸಲ ಎಬ್ಬಿಸುವವಳ ಹಾಗೆ ಸೆರಗು ಸರಿಮಾಡಿಕೊಂಡಳು. ಮೂರು ಸಲ ತಟ್ಟಿದಳು. ಒಳಗೆ ಹೋಗಿ ತೆಳ್ಳಗಿನ ಕಡತದ ಹೊದಿಕೆ ತೆಗೆದಳು. "ಏಳು" ಎಂದಳು. "ದೇವರ ಬೆಳಗು ಬಂದಿದೆ. ಎಲ್ಲಿಂದ ಬಂದೆಯೋ ಕೇಳೋದಿಲ್ಲ..." ಎಲ್ಲಿಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಕೇಳಿದಳು. "ಎಲ್ಲಿಗೆ ಹೊರಟೆಯೋ ಹೇಳು."

ಕೆಳಗಿನ ಅರ್ಧ ಕಿಟಕಿಯಿಂದ ಸಣ್ಣ ಗಾಳಿ ಬಂತು. ಕೋಣೆಯ ಹಾಳೆಗಳೆಲ್ಲ ಮಿಸುಕಿದವು.

ಕುಂಬಾರಗಿತ್ತಿಯ ಕಡತವನ್ನು ಮೇಲಿಟ್ಟುಕೊಂಡು ತನ್ನದನ್ನು ಕೆಳಗಿಟ್ಟುಕೊಂಡು ಸಾಹೇಬರ ಮುಂದೆ ನಿಂತಳು. ಮೊದಲನೆಯದಕ್ಕೆ ಒಂದು ಚಮಚ, ಒಂದು ರುಜು. ಜವಾನ ಹೊರಗೆ ಓಡಿದ. ಮೆಟ್ಟಿಲಿನ ಕಡೆಯಿಂದ ಕುಂಬಾರಗಿತ್ತಿಯ ಕೇಕೆ ಕೇಳಿಸಿತು. ಎರಡನೆಯದನ್ನು ಬಿಚ್ಚಿದ ಸಾಹೇಬರ ಕೈ ಹಾಗೇ ನಿಂತಿತು.

"ಇದು ನಿಮ್ಮದಲ್ಲವೇನಮ್ಮ?"

"ಏಳು ರಾತ್ರಿ ಹೆಚ್ಚಿಗೆ ಇಟ್ಕೊಂಡೆ, ಸ್ವಾಮಿ. ತಪ್ಪು ನನ್ನದು. ಬಾಯಿ ತೆಗೀರಿ."

ಬಾಗಿಲಲ್ಲಿ ನಿಂತಿದ್ದ ಟಪಾಲು ಗುಮಾಸ್ತ ಮುಖ ಆ ಕಡೆ ತಿರುಗಿಸಿದ. ಸಾಹೇಬರು ಚಮಚ ಬಾಯಿಗಿಟ್ಟುಕೊಂಡರು. ಅವತ್ತು ಸಕ್ಕರೆಯ ರುಚಿ ಅವರಿಗೆ ಹತ್ತಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಮೇಲಕ್ಕೆ ಕಳಿಸಿದರು. ಎಬ್ಬಿಸುವಾಕೆ ಅದು ಮೂಲೆ ತಿರುಗುವ ತನಕ ನೋಡಿದಳು.

ಮೇಲಿನ ಕಚೇರಿಗೂ ಆ ವೇಳೆಗೆ ಮೂರು ರಾತ್ರಿಯ ಅಭ್ಯಾಸ ಅಂಟಿತ್ತು. ಅವಳು ಕಲಿಸಿದ ಅಭ್ಯಾಸವೇ. ನಾಲ್ಕನೆಯ ಬೆಳಗಿಗೆ ಸರಿಯಾಗಿ ಉತ್ತರ ಬಂತು: ಕಚೇರಿಯಲ್ಲಿ ಎಬ್ಬಿಸುವವರ ಹುದ್ದೆ ಇಲ್ಲ, ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಿಸುವುದು.

ಸಾಹೇಬರು ಓದಿ ಹೇಳಿದರು. ನೆಟ್ಟಗಾಗಿದ್ದ ಅವರ ಸೊಂಟ ಮತ್ತೆ ಬಗ್ಗಿದ ಹಾಗೆ ಕಂಡಿತು.

"ಇದಕ್ಕೆ ನಾನು ರುಜು ಹಾಕದೆ ಇಟ್ಕೊಂಡ್ರೆ ಯಾರು ಕೇಳ್ತಾರಮ್ಮ?"

"ತೊಲೆ ಕೇಳುತ್ತೆ, ಸ್ವಾಮಿ" ಎಂದಳು ಎಬ್ಬಿಸುವಾಕೆ. "ನೀವು ಈಗ ತಾನೇ ಗಿಳಿ ನೋಡೋಕೆ ಕಲ್ತಿದೀರಿ. ನನ್ನಿಂದ ಅದು ಹೋಗಬಾರದು. ಹಾಕಿ ರುಜು." ಬಟ್ಟಲಿನಿಂದ ಚಮಚ ತುಂಬಿ ಮುಂದೆ ಹಿಡಿದಳು.

ಸಾಹೇಬರು ರುಜು ಹಾಕಿದರು. ಎದ್ದು ನಿಂತರು. ಅವಳ ಕೈಯಿಂದ ಚಮಚ ತೆಗೆದುಕೊಂಡರು, ಆದರೆ ತಮ್ಮ ಬಾಯಿಗಿಡಲಿಲ್ಲ.

"ಈ ಸಲ ಪ್ರಯಾಣಿಕರಿಗೆ ಬಾಯಿದೆ. ತೆಗೀರಿ, ಅಮ್ಮ."

ನಲವತ್ತೈದು ವರ್ಷ ಅವಳು ಆ ಚಮಚ ತುಂಬಿದ್ದಳು. ಅದರ ರುಚಿ ಅವಳಿಗೆ ಗೊತ್ತಿರಲಿಲ್ಲ. ಕೆಲಸಕ್ಕೆ ನಿಂತವಳಿಗೆ ಪ್ರಯಾಣದ ಮೊಸರು ಯಾರು ಕೊಡುತ್ತಾರೆ? ಬಾಯಿ ತೆರೆದಳು. ತಣ್ಣಗಿತ್ತು. ಸಕ್ಕರೆ ಇನ್ನೂ ಕರಗಿರಲಿಲ್ಲ, ಹಲ್ಲಿಗೆ ಸಿಕ್ಕಿ ಸದ್ದಾಯಿತು. 'ಅದಕ್ಕೇ ಜನ ಬಾಯಿ ಚಪ್ಪರಿಸಿಕೊಂಡು ಹೋಗುತ್ತಿದ್ದರು' ಎಂದುಕೊಂಡಳು.

ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಗುಡಿಸಿದಳು. ಎರಡು ಸೀರೆ ಗಂಟು ಕಟ್ಟಿದಳು. ಹೊಸ್ತಿಲಿಗೆ ಹಣೆ ಮುಟ್ಟಿಸಿ ಹೇಳಿದಳು: "ಮಳೆಗೆ ನೆನೆಯಲಿಲ್ಲ, ಬಿಸಿಲಿಗೆ ಬೇಯಲಿಲ್ಲ, ನಿನ್ನ ನೆರಳಲ್ಲೇ ಮುದುಕಿಯಾದೆ. ಏಳು ಬೆರಳು ಇಳಿಸಿದೆ, ಕ್ಷಮಿಸಿಬಿಡು." ಎಷ್ಟು ಹುಡುಕಿದರೂ ಮನಸ್ಸಿನಲ್ಲಿ ದೂರು ಸಿಗಲಿಲ್ಲ. ಬೇರೆಯವರನ್ನು ಕಳಿಸುತ್ತ ಕಳಿಸುತ್ತ ಹೊರಡುವುದು ಹೇಗೆಂದು ದೇವರು ತನಗೇ ಕಲಿಸುತ್ತಿದ್ದನೇನೋ. ಕಲಿಸಿದ್ದಕ್ಕೆ ಕೈಮುಗಿದಳು.

ಬಾಗಿಲ ಕಡೆ ಹೊರಟವಳಿಗೆ ಮಹಡಿಯ ಮೇಲಿನಿಂದ ಸದ್ದು ಕೇಳಿಸಿತು. ಮೂರು ಸಲ ಬಾಗಿಲು ತಟ್ಟಿದ ಸದ್ದು. ಆಮೇಲೆ ಟಪಾಲು ಗುಮಾಸ್ತನ ದೊಡ್ಡ ದನಿ: "ಏಳ್ರಪ್ಪಾ! ಬೆಳಗಾಗಿ ಎಷ್ಟು ಹೊತ್ತಾಯ್ತು!" ಮಾತು ಸರಿಯಿರಲಿಲ್ಲ. ಕಿಟಕಿಗಳು ಮಾತ್ರ ಒಂದೊಂದಾಗಿ ತೆರೆದುಕೊಂಡವು. ಸಾಕು ಎಂದುಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ಜಗಳ ನಡೆದಿತ್ತು. ಬಾವಿಗೆ ಕಟ್ಟೆ ಬಂದ ನೇಕಾರರು, ಓಣಿಗೆ ದೀಪ ಬಂದವರು, ಆಗುವುದಿಲ್ಲ ಎಂಬ ಉತ್ತರ ಪಡೆದು ಬೇರೆ ದಾರಿ ಹಿಡಿದವರು, ಎಲ್ಲರೂ ಇದ್ದರು. ಉತ್ತರ ಬಂದ ಸುದ್ದಿ ಊರಿಗೆ ತಿಳಿದಿತ್ತು. ಅವಳು ಮೊದಲು ಯಾರ ಮನೆಗೆ ಎಂಬುದೇ ಜಗಳ.

"ನಮ್ಮದು ಹನ್ನೆರಡು ವರ್ಷದ ಕಡತ, ನಾವೇ ಮೊದಲು" ಎಂದ ನೇಕಾರ.

"ಹನ್ನೆರಡು ವರ್ಷ ಕಾದೋನಿಗೆ ಇನ್ನು ಮೂರು ರಾತ್ರಿ ಏನು ಮಹಾ? ಸರಿಯಯ್ಯ ಪಕ್ಕಕ್ಕೆ" ಎಂದಳು ಕುಂಬಾರಗಿತ್ತಿ. ಅವಳ ಮೊಣಕೈ ತನಕ ಜೇಡಿಮಣ್ಣು ಹತ್ತಿತ್ತು. ಅದೇ ಕೈಯಿಂದ ಎಬ್ಬಿಸುವಾಕೆಯ ಗಂಟು ಕಿತ್ತುಕೊಂಡು ಮುಂದೆ ನಡೆದಳು. ಮಿಕ್ಕವರು ಬೈದುಕೊಂಡೇ ಸರದಿ ಗೊತ್ತುಮಾಡಿಕೊಂಡರು. ಇವರಿಗೆ ಮೂರು ರಾತ್ರಿ, ಅವರಿಗೆ ಮೂರು ರಾತ್ರಿ, ಆಮೇಲೆ ಆ ಬೀದಿ, ಆಮೇಲೆ ಈ ಬೀದಿ. ಬೀದಿಗಳು ಮುಗಿಯುವ ಹಾಗೆ ಕಾಣಲಿಲ್ಲ.

ಕುಂಬಾರರ ಮನೆಯ ಬಾಗಿಲಲ್ಲಿ ಎಬ್ಬಿಸುವಾಕೆ ಬಗ್ಗಿ ಒಳಗೆ ಹೋಗಬೇಕಾಯಿತು. ಅಭ್ಯಾಸದಿಂದ ಮೇಲೆ ನೋಡಿ, ಗಾಬರಿಯಿಂದ, "ಯಾರನ್ನಾದ್ರೂ ಇಟ್ಕೊಂಡಿದ್ರಾ, ತಾಯಿ?" ಎಂದು ಕೇಳಿದಳು.

"ಅಯ್ಯೋ ಇಲ್ಲ, ಅಕ್ಕ. ನಮ್ಮ ಸೂರು ಹುಟ್ಟಿದ್ದೇ ಇಷ್ಟೆತ್ತರ. ಯಾರು ಬಂದ್ರೂ ನಮಸ್ಕಾರ ಮಾಡಿಕೊಂಡೇ ಒಳಗೆ ಬರ್ತಾರೆ, ನಮಗೂ ಒಂಥರಾ ಮರ್ಯಾದೆ."

ಒಲೆಯ ಮೇಲೆ ನೀರು ಕಾದಿತ್ತು. ಕುಂಬಾರಗಿತ್ತಿ ಗಂಟು ಇಳಿಸುವ ಮೊದಲೇ ಎಬ್ಬಿಸುವಾಕೆ ಚೆಂಬಿನ ಕಡೆ ಕೈ ಹಾಕಿದಳು. ಕುಂಬಾರಗಿತ್ತಿ ಗದರಿಕೊಂಡಳು.

"ಏನ್ ಮಾಡ್ತಿದೀರಿ? ಅತಿಥಿ ಕೈಲಿ ಚೆಂಬು ಹಿಡಿಸಿದೆ ಅಂತ ನಾಳೆ ಊರೆಲ್ಲ ನನ್ನ ಆಡ್ಕೊಳ್ಳಲಿ ಅಂತಾನಾ? ಕೂತ್ಕೊಳ್ಳಿ ಸುಮ್ನೆ."

"ನನಗೆ ಕೂತು ಅಭ್ಯಾಸ ಇಲ್ಲ ಕಣವ್ವ."

"ಆಗುತ್ತೆ. ಕಾಲು ಈ ಕಡೆ ಚಾಚಿ."

ಎಬ್ಬಿಸುವಾಕೆ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಕುಂಬಾರಗಿತ್ತಿ ಬಿಸಿನೀರಿಗೆ ತಣ್ಣೀರು ಬೆರೆಸಿ, ಕೈಯದ್ದಿ ನೋಡಿ, ಇನ್ನಷ್ಟು ಬೆರೆಸಿ, ನಿಧಾನವಾಗಿ ಅವಳ ಪಾದಗಳ ಮೇಲೆ ಹುಯ್ದಳು. ನಲವತ್ತೈದು ವರ್ಷ ಮೆಟ್ಟಿಲು ಹತ್ತಿ ಇಳಿದ ಪಾದಗಳು. ಇಂಥ ಹೊತ್ತಿನಲ್ಲಿ ಅತಿಥಿಗಳು ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ. ಸಾವಿರಾರು ಜನ ಅವಳಿಗೆ ಹೇಳಿದ್ದರು. ಅವಳಿಗೆ ಒಂದೂ ನೆನಪಾಗಲಿಲ್ಲ. ಕಣ್ಣು ತುಂಬಿ ಬಂದು ಚೆಂಬೂ ಕಾಣಲಿಲ್ಲ, ಚೆಂಬು ಹಿಡಿದ ಕೈಯೂ ಕಾಣಲಿಲ್ಲ. ಕುಂಬಾರಗಿತ್ತಿಯ ಕೈಯೋ ಆ ತಂದೆಯ ಕೈಯೋ ಎಂದು ಒಂದು ಗಳಿಗೆ ಅನುಮಾನವಾಯಿತು.

"ನೀರು ಹದವಾಗಿದೆ" ಎಂದಳು.